ದಿವ್ಯಶ್ರೀ ಬಿಟ್ಟುಕೊಟ್ಟ ಪ್ಯಾಕೇಜು

ಮೂರ್ನಾಡಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ದಿವ್ಯಶ್ರೀಗೆ ಇನ್ನೊಂದು ಕೆಲಸವಿರುವುದು ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಂದೇ ಯಂತ್ರದಲ್ಲಿ ಹತ್ತಾರು ತಂತ್ರಾಂಶಗಳನ್ನು ಒಂದಕ್ಕೊಂದು ತಾಗದಂತೆ ಕಂಟೈನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಕಂಟೈನರ್ ರನ್‌ಟೈಮ್ ಎಂಬುದೊಂದಿದೆ. ಅದನ್ನು ಬರೆಯುವವರು ಬೇರೆ. ಅವರ ಕೋಡನ್ನು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಹಲವು ರೂಪಗಳಲ್ಲೊಂದಕ್ಕೆ, ಅಂದರೆ ಒಂದು ವಿತರಣೆಗೆ, ಹೊಂದಿಸಿ, ಪರೀಕ್ಷಿಸಿ, ಪ್ಯಾಕೇಜು ಮಾಡಿ ಕೊಡುವವಳು ಇವಳು. ಒಂಬತ್ತು ವರ್ಷದ ಹಿಂದೆ ಲ್ಯಾಬಿಗೆ ಅದು ಬೇಕಾಗಿತ್ತು, ಯಾರೂ ಮಾಡಿರಲಿಲ್ಲ, ಮಾಡಿದಳು. ಆಮೇಲೆ ಬಿಡಲು ಆಗಲಿಲ್ಲ.

ಕಳೆದ ಜೂನ್‌ನಲ್ಲಿ ಆ ತಂತ್ರಾಂಶದಲ್ಲೊಂದು ಭದ್ರತೆಯ ಬಿರುಕು ಬಯಲಾಯಿತು. ಹೊಸ ಆವೃತ್ತಿಯಲ್ಲಿ ಅದು ಸರಿಯಾಗಿತ್ತು, ಆದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ, ವಿತರಣೆಯ ಹಳೇ ಕಂಪೈಲರಿಗೆ ಹೊಸದು ಒಗ್ಗುತ್ತಿರಲಿಲ್ಲ. ತಿದ್ದುಪಡಿಯನ್ನಷ್ಟೇ ಬಿಡಿಸಿಕೊಂಡು ಹಳೇ ಆವೃತ್ತಿಗೆ ಸೇರಿಸಬೇಕಿತ್ತು. ದಿವ್ಯಶ್ರೀ ಜ್ವರವೆಂದು ಬರೆದು ಎರಡು ದಿನ ರಜೆ ಹಾಕಿದಳು. ಕರೆಂಟು ಹೋಗಿ ಬಂದು ಮಾಡಿ, ಅರ್ಧ ಆದದ್ದನ್ನು ಮೂರು ಸಲ ಮೊದಲಿನಿಂದ ಶುರು ಮಾಡಿದಳು. ಎರಡನೇ ದಿನ ನಿಜಕ್ಕೂ ಮೈ ಬಿಸಿಯಾಗಿತ್ತು. ಗಂಡ ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ಡ್ಯೂಟಿಯಲ್ಲಿದ್ದ. ಅತ್ತೆ ಸುಮಿತ್ರಮ್ಮ ಗಂಜಿ ತಂದಿಟ್ಟರು.

“ಯಾರಿಗಮ್ಮ ಇದು? ಕಾಲೇಜಿಂದಾ?”

“ಅಲ್ಲತ್ತೆ. ಯಾರ್ಯಾರೋ ಬಳಸ್ತಾರೆ.”

“ಅವ್ರಿಗೆ ನೀನ್ ಗೊತ್ತಾ?”

“ಏನಾದ್ರು ಕೆಟ್ರೆ ಗೊತ್ತಾಗ್ತೀನಿ.”

ಸಂಜೆ ಪ್ಯಾಕೇಜು ಕಳಿಸಿದಳು. ಮರುದಿನ ಲ್ಯಾಬಿನಲ್ಲಿ ಕೂತು ಮೇಲ್ ತೆರೆದರೆ ಮೂವತ್ತೊಂದು ದೂರು. ಹಳೇ ಕಂಟೈನರುಗಳು ಶುರುವಾಗುತ್ತಲೇ ಇರಲಿಲ್ಲ. ಪರೀಕ್ಷೆ ಮಾಡುವ ಅಭ್ಯಾಸ ಇಲ್ಲವೇ ಎಂದು ಒಬ್ಬ ಕೇಳಿದ್ದ. ತಪ್ಪು ಅವಳದೇ. ಹೊಸದಾಗಿ ಮಾಡಿದ ಕಂಟೈನರುಗಳನ್ನಷ್ಟೇ ಓಡಿಸಿ ನೋಡಿದ್ದಳು.

ಕಚೇರಿಯ ಸೂಪರಿಂಟೆಂಡೆಂಟ್ ಬೆಳ್ಯಪ್ಪ ಬಾಗಿಲಲ್ಲಿ ನಿಂತು, “ಜ್ವರ ಬಿಟ್ಟಿಲ್ಲ ಅಲ್ಲ ನಿಂಗೆ. ಮನೆಗೆ ಹೋಗ್ ಮಾರಾಯ್ತಿ” ಎಂದರು. ಅವಳು ಹೋಗಲಿಲ್ಲ. ಸರಿಪಡಿಸಿ, ಹಳೇದು ಹೊಸದು ಎರಡನ್ನೂ ಓಡಿಸಿ ನೋಡಿ, ಮೂರು ಗಂಟೆಗೆ ಮತ್ತೆ ಕಳಿಸಿದಳು. ಜೊತೆಗೆ ಕ್ಷಮೆ ಕೇಳಿ ಎರಡು ಸಾಲು.

ದೂರುಗಳು ನಿಂತವು. ಸರಿಯಾಯಿತು ಎಂದು ಬರೆದವಳು ಒಬ್ಬಳೇ, ಪೋಲೆಂಡಿನಲ್ಲಿ ಯಾವುದೋ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಹೆಂಗಸು. ಬೆಳಗಿನಿಂದ ತಾನೂ ಹುಡುಕಿ ಮಾಡಿದ ತಿದ್ದುಪಡಿಯನ್ನು ಲಗತ್ತಿಸಿದ್ದಳು. ಅದು ದಿವ್ಯಶ್ರೀಯದಕ್ಕಿಂತ ಚೊಕ್ಕವಾಗಿತ್ತು.

ದಿವ್ಯಶ್ರೀ ಅದನ್ನು ಎರಡು ಸಲ ಓದಿ, ಈ ಪ್ಯಾಕೇಜನ್ನು ಇನ್ನು ನೀವು ನೋಡಿಕೊಳ್ಳುವಿರಾ ಎಂದು ಕೇಳಿದಳು. ಉತ್ತರಕ್ಕೆ ಹನ್ನೊಂದು ದಿನ ಹಿಡಿಯಿತು. ಹೆಂಗಸು ಒಪ್ಪಿದ್ದಳು, ಆದರೆ ವರ್ಷದ ಕೊನೆಯವರೆಗೆ ಜೊತೆಗಿರಬೇಕೆಂಬ ಷರತ್ತು ಹಾಕಿದ್ದಳು.

ಡಿಸೆಂಬರ್ ಕೊನೆಯ ಭಾನುವಾರ ದಿವ್ಯಶ್ರೀ ಪ್ಯಾಕೇಜು ನೋಡಿಕೊಳ್ಳುವವರ ಪಟ್ಟಿಯಿಂದ ತನ್ನ ಹೆಸರು ತೆಗೆದಳು. ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದಳು, ಹಾಗೇನೂ ಆಗಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಐದು ಗಂಟೆಯವರೆಗೂ ಏಳಲಿಲ್ಲ. ಸುಮಿತ್ರಮ್ಮ ಎಬ್ಬಿಸಲೂ ಇಲ್ಲ.