ಇಸ್ತ್ರಿ ಕೋಣೆಯ ಕ್ಲಿಪ್ ಅಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಹಿಂಭಾಗದ ಇಸ್ತ್ರಿ ಕೋಣೆಯಲ್ಲಿ ಆಗಲೇ ಹಬೆ ತುಂಬಿದೆ. ಬಂದವಳೇ ಚಪ್ಪಲಿ ಬಿಟ್ಟು, ಗೋಡೆಗೆ ಕಟ್ಟಿದ ಹಗ್ಗಕ್ಕೆ ದಿನಕ್ಕೊಂದರಂತೆ ಬಟ್ಟೆ ಕ್ಲಿಪ್ ಸಿಕ್ಕಿಸುತ್ತಾಳೆ ಈಕೆ. ಮನಸ್ಸು ಸರಿಯಿದ್ದರೆ ಕ್ಲಿಪ್ ಹಗ್ಗದ ಮೇಲೆ ನೆಟ್ಟಗೆ ನಿಲ್ಲಬೇಕು, ಕೆಟ್ಟಿದ್ದರೆ ಕೆಳಗೆ ಜೋತಾಡಬೇಕು. ಆಮೇಲೆಯೇ ಇಸ್ತ್ರಿಗೆ ಕೈ.

"ಏನಕ್ಕಾ, ಇವತ್ತು ನೆಟ್ಟಗೋ ಜೋಲೋ?" ಪಕ್ಕದ ಮೇಜಿನವಳು ಕೇಳುತ್ತಾಳೆ.

"ಜೋಲು ಕಣೇ. ಹತ್ತಿರ ಬಂದ್ರೆ ನಿನ್ನನ್ನೂ ಮಡಚಿ ಕಪಾಟಲ್ಲಿ ಇಡ್ತೀನಿ."

ಎಲ್ಲರಿಗೂ ಈಕೆ ಕ್ಲಿಪ್ ಅಕ್ಕ. ವಯಸ್ಸು ಮೂವತ್ತೆಂಟು. ದಿನಕ್ಕೆ ಇನ್ನೂರು ಬೆಡ್‌ಶೀಟು, ಎಂಬತ್ತು ನಿಲುವಂಗಿ ಈಕೆಯ ಕೈ ದಾಟಿ ವಾರ್ಡಿಗೆ ಹೋಗುತ್ತವೆ. ರೋಗಿಗಳಿಗೆ ಡಾಕ್ಟರು ಗೊತ್ತು, ನರ್ಸು ಗೊತ್ತು. ತಾವು ಮಲಗಿದ ಹಾಸಿಗೆಯ ಸುಕ್ಕು ತೆಗೆದವರಾರು ಎಂದು ಕೇಳಿದವರಿಲ್ಲ.

ಇದಕ್ಕೆ ಮೊದಲು ಮೂರು ಕೆಲಸ ಬಿಟ್ಟವಳು. "ಬಿಟ್ಟಿದ್ದೆಲ್ಲಿ, ಎಸೆದು ಬಂದಿದ್ದು," ಎಂದು ನಗುತ್ತಾಳೆ. ಯಾರೋ ಒಂದು ಮಾತಂದರೆ ಕಣ್ಣು ತುಂಬಿ, ಸಿಟ್ಟು ನೆತ್ತಿಗೇರಿ, ಎದ್ದು ಹೊರಟುಬಿಡುತ್ತಿದ್ದಳು. ವಾರ ಕಳೆದ ಮೇಲೆ, ಅಷ್ಟಕ್ಕೆ ಹಾಗೇಕೆ ಮಾಡಿದೆ ಎಂದು ತನಗೇ ಬಗೆಹರಿಯುತ್ತಿರಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು. ಈ ನಾಲ್ಕನೆಯದೂ ಹೋದರೆ ಇನ್ನೊಂದು ಸಿಗುವುದು ಕಷ್ಟ.

ದಿನಾ ಮನಸ್ಸು ಹೇಗಿತ್ತೆಂದು ಬರೆದಿಡು ಎಂದರು ಇಲ್ಲಿಯ ಹಿರಿಯ ನರ್ಸಮ್ಮ. ಬರವಣಿಗೆ ಈಕೆಗೆ ದೂರ, ಕ್ಲಿಪ್ಪು ಹತ್ತಿರ. "ಮೊದಲನೇ ತಿಂಗಳು ನಮ್ಮೆಜಮಾನ್ರ ಜೊತೆ ಜಗಳ ಆದ ದಿನ ಮಾತ್ರ ಜೋಲು ಹಾಕ್ದೆ. ಎಲ್ಲಾ ತಪ್ಪೂ ಅವ್ರದ್ದೇ ಅಂತ ತೋರಿಸ್ಬೇಕಿತ್ತಲ್ಲ!" ನರ್ಸಮ್ಮ ನಕ್ಕು, ಗಂಡನ ತಪ್ಪು ಹಾಗಿರಲಿ, ನಿನ್ನ ಮನಸ್ಸು ನೋಡಿಕೋ ಎಂದು ಕಳಿಸಿದರು. ಮತ್ತೆ ಮೂರು ತಿಂಗಳು ಸರಿಯಾಗಿ ಹಾಕಿದ ಮೇಲೆ ಕಂಡಿತು: ಪ್ರತಿ ತಿಂಗಳೂ ಮುಟ್ಟಿಗೆ ಮುಂಚಿನ ಐದಾರು ದಿನ ಕ್ಲಿಪ್ಪುಗಳೆಲ್ಲ ಒಟ್ಟಿಗೆ ಜೋತುಬಿದ್ದಿವೆ.

"ಅಳು ಈಗ್ಲೂ ಬರುತ್ತೆ. ಎಲ್ಲಿಂದ ಬಂತು ಅಂತ ಗೊತ್ತಿರೋದ್ರಿಂದ ಹೆದರಿಕೆಯಾಗಲ್ಲ. ಮನೇಲಿ ಮೊದ್ಲೇ ಹೇಳ್ಬಿಡ್ತೀನಿ, ಬೇಗ ಮಲಗ್ತೀನಿ. ದೊಡ್ಡ ತೀರ್ಮಾನ ಮಾತ್ರ ಆ ದಿನ ಮಾಡಲ್ಲ." ತಡೆಯಲಾರದಷ್ಟಾದರೆ ಡಾಕ್ಟರ ಹತ್ತಿರ ಬಾ ಎಂದೂ ನರ್ಸಮ್ಮ ಹೇಳಿಟ್ಟಿದ್ದಾರೆ. ಈಕೆಯನ್ನು ನೋಡಿ ಕೋಣೆಯ ಇತರ ಹೆಂಗಸರೂ ಶುರುಮಾಡಿ, ಈಗ ಗೋಡೆಯ ಮೇಲೆ ನಾಲ್ವರ ನಾಲ್ಕು ಹಗ್ಗಗಳಿವೆ.

ಕಳೆದ ತಿಂಗಳು ಹಬೆಯ ಸೆಕೆಗೆ ರೋಸಿ, ಕೆಲಸ ಬಿಡುತ್ತೇನೆ ಎನ್ನಲು ಮೇಲ್ವಿಚಾರಕರ ಬಾಗಿಲಿನತ್ತ ಹೊರಟೇಬಿಟ್ಟಿದ್ದಳು. ಪಕ್ಕದ ಮೇಜಿನವಳು ಹಗ್ಗದಲ್ಲಿ ಜೋತಾಡುತ್ತಿದ್ದ ಕ್ಲಿಪ್ಪಿನ ಕಡೆ ಕೈ ತೋರಿಸಿದಳು. ಈಕೆ ವಾಪಸು ಬಂದು ಆರು ದಿನ ಕಾದಳು. ಕ್ಲಿಪ್ ನೆಟ್ಟಗಾಯಿತು, ಬಿಡುವ ಯೋಚನೆಯೂ ಹೋಯಿತು. ಸೆಕೆ ಮಾತ್ರ ಇದ್ದಂತೆಯೇ ಇತ್ತು. ಹಾಗಾದರೆ ಸೆಕೆ ಮನಸ್ಸಿನದಲ್ಲ, ಕೋಣೆಯದು ಎಂದುಕೊಂಡು ಮತ್ತೆ ಅದೇ ಬಾಗಿಲಿಗೆ ಹೋದಳು.

ಈಗ ಕಿಟಕಿಯಲ್ಲಿ ಹೊಸ ಫ್ಯಾನ್ ತಿರುಗುತ್ತಿದೆ.

"ಹಿಂದಿನ ಮೂರು ಕಡೆ ಅತ್ಕೊಂಡು ಹೇಳ್ದೆ, ಯಾರೂ ಕೇಳ್ಲಿಲ್ಲ, ಎದ್ದು ಬಂದೆ," ಎನ್ನುತ್ತಾಳೆ, ಬೆಡ್‌ಶೀಟಿನ ಅಂಚು ಸರಿ ಹೊಂದಿಸುತ್ತ. "ಇಲ್ಲಿ ನಗ್ತಾ ಕೇಳ್ದೆ. ಫ್ಯಾನ್ ಹಾಕಿಸಿದ್ರು."