ಕುಂಕುಮ ಹತ್ತಿದ ಬಿಲ್ಲುಗಳು

ನಮ್ಮೂರು ತಾಂಬಾದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದು ನನ್ನದಾಗಲು ಕಾರಣ ಇಬ್ಬರು. ಒಬ್ಬರು ಇಂಡಿ ಪಟ್ಟಣದ ಆಡಿಟರು, ಇನ್ನೊಬ್ಬರು ನನ್ನ ಅತ್ತೆ. ಆಡಿಟರ ಉಪಕಾರವನ್ನು ಅವರ ಮುಂದೆಯೇ ಎಷ್ಟೋ ಸಲ ಹೇಳಿದ್ದೇನೆ. ಅತ್ತೆಯದನ್ನು ಅವರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಾವನವರು ಬದುಕಿದ್ದಾಗ ಸಿಂದಗಿಯಲ್ಲಿ ಅತ್ತೆಯ ಹೆಸರಿಗೆ ಒಂದು ಪ್ಲಾಟು ಕೊಂಡು, ಕೈಯಲ್ಲಿ ದುಡ್ಡು ಆಡಿದಾಗಲೆಲ್ಲ ಒಂದೊಂದಾಗಿ ಮೂರು ಮಳಿಗೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಅವರ ಲೆಕ್ಕ ಇಡುವ ಪದ್ಧತಿ ಬಹಳ ಸರಳ. ಯಾವ ಕಾಗದ ಬಂದರೂ ಅತ್ತೆಯ ಕೈಗೆ ಕೊಟ್ಟು, “ಇಟ್ಟಿರು,” ಎನ್ನುವುದು. ಅತ್ತೆಗೆ ಓದು ಬರುತ್ತಿರಲಿಲ್ಲ. ಕಾಗದಗಳನ್ನೆಲ್ಲ ಟ್ರಂಕಿನಲ್ಲಿಟ್ಟು, ದೀಪಾವಳಿ ಅಮಾವಾಸ್ಯೆಗೆ ಹೊರಗೆ ತೆಗೆದು, ಲಕ್ಷ್ಮಿಯ ಮುಂದೆ ಹರಡಿ ಒಂದೊಂದಕ್ಕೂ ಕುಂಕುಮದ ಬೊಟ್ಟು ಇಡುತ್ತಿದ್ದರು. ಖರೀದಿ ಪತ್ರಕ್ಕೆ ಮಾತ್ರ ಹೆಚ್ಚಿನ ಮರ್ಯಾದೆ. ಅದಕ್ಕೆ ಅರಿಶಿನ ಕಲಸಿ ಧಾರಾಳವಾಗಿ ಬಳಿಯುತ್ತಿದ್ದರು.

ನನ್ನ ಬಾಯಿ ಜೋರು, ಅತ್ತೆಯದೂ ಕಡಿಮೆಯಿರಲಿಲ್ಲ. ರೊಟ್ಟಿ ದಪ್ಪ ಆಯಿತೆಂದು ಅವರು, ಟ್ರಂಕು ಕಾಲಿಗೆ ಬಡಿಯಿತೆಂದು ನಾನು, ದಿನ ಬೆಳಗಾದರೆ ಏನಾದರೂ ಒಂದು.

“ಅತ್ತಿ, ಈ ಹಳೀ ಚೀಟಿ ರದ್ದಿಗೆ ಹಾಕೂಣ್ರಿ,” ಎಂದು ಸುಣ್ಣ ಬಳಿಯುವ ಪ್ರತಿ ಸಲವೂ ಕೇಳುತ್ತಿದ್ದೆ.

“ಕುಂಕುಮ ಹತ್ತಿದ ಕಾಗದ ಅವು. ಲಕ್ಷ್ಮೀನ್ನ ಯಾರರ ರದ್ದಿಗೆ ಹಾಕ್ತಾರೇನ?” ಎಂದು ಅವರು ಟ್ರಂಕಿನ ಮೇಲೆಯೇ ಕುಳಿತುಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ನನ್ನ ಗಂಡ ದುಡಿಯುತ್ತಿದ್ದ ಅಂಗಡಿ ಮುಚ್ಚಿತು. ಮಳಿಗೆಗಳ ಬಾಡಿಗೆಯೊಂದರಲ್ಲೇ ಮನೆ ನಡೆಯುವಂತಿರಲಿಲ್ಲ. ಅದೇ ಹೊತ್ತಿಗೆ ಊರಿನ ಗಿರಣಿ ಮಾರಾಟಕ್ಕೆ ಬಂತು. ಅದನ್ನು ಕೊಂಡು ನಾನೇ ನಡೆಸುತ್ತೇನೆಂದು, ಜಗಳಕ್ಕೆ ಸೆರಗು ಕಟ್ಟಿಕೊಂಡೇ ಅತ್ತೆಯ ಮುಂದೆ ನಿಂತೆ. ಅವರು ಸುಮ್ಮನೆ, “ಮಳಿಗಿ ಮಾರ್ರಿ. ಹೊಟ್ಟಿಗೆ ಬರದಿದ್ದ ಆಸ್ತಿ ಎದಕ್ಕ ಬೇಕು?” ಎಂದುಬಿಟ್ಟರು.

ಮಳಿಗೆಗಳು ಮಾರಾಟವಾದವು. ಗಿರಣಿಯವನು ದೀಪಾವಳಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ದುಡ್ಡು ಕೊಡುವ ಮೊದಲು ತೆರಿಗೆ ಎಷ್ಟು ಬರುತ್ತದೆಂದು ತಿಳಿದುಕೊಳ್ಳೋಣವೆಂದು ಖರೀದಿ ಪತ್ರ ಹಿಡಿದು ನಾನೂ ಅತ್ತೆಯೂ ಇಂಡಿಗೆ ಹೋದೆವು.

ಆಡಿಟರು ಪತ್ರ ಬಿಡಿಸಿದರು. ಮೊದಲ ಪುಟ ಪೂರ್ತಿ ಹಳದಿ. ಬೆರಳಿಟ್ಟರೆ ಪುಡಿ ಉದುರುತ್ತಿತ್ತು, ಅಕ್ಷರ ಒಂದೂ ಕಾಣುತ್ತಿರಲಿಲ್ಲ.

“ಏನ್ರಿ ಇದು, ಖರೀದಿ ಪತ್ರನೋ ಹೋಳಗಿನೋ? ಕೊಂಡ ರೇಟ್ ಎಲ್ಲಿ ಐತ್ರಿ?”

ಅತ್ತೆ ತಲೆ ತಗ್ಗಿಸಿದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಸೀಟಿಗಾಗಿ ಅವರೊಡನೆ ಜಗಳವಾಡಿ ಬಂದವಳು ನಾನು. ಆದರೆ ನಮ್ಮ ಮುದುಕಿಯನ್ನು ಬೇರೆ ಯಾರೋ ಆಡಿಕೊಂಡರೆ ನನಗೆ ತಡೆಯುವುದಿಲ್ಲ.

“ನಮ್ಮ ಅತ್ತಿ ಪೂಜಿ ಮಾಡ್ಯಾರ್ರಿ, ಕಳವು ಮಾಡಿಲ್ಲ. ನೀವು ಲೆಕ್ಕದ್ದಷ್ಟ ಮಾತಾಡ್ರಿ,” ಎಂದೆ.

ಅವರು ಸಿಟ್ಟಾಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಿಡಿಸಿ ಹೇಳಿದರು. “ಅಕ್ಕಾರ, ಮಾರಿದ ರೊಕ್ಕದಾಗ ಕೊಂಡಿದ್ದು, ಕಟ್ಟಿಸಿದ್ದು ಕಳದು ಉಳದದ್ದಕ್ಕ ತೆರಿಗಿ. ಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರ್ಯಾಗ ಸಿಗತೈತಿ, ಅದರ ಚಿಂತಿ ಬಿಡ್ರಿ. ಆದ್ರ ಮಳಿಗಿ ಕಟ್ಟಿಸಿದ್ದಕ್ಕ ಪುರಾವೆ ಏನೈತಿ? ಇಲ್ಲಂದ್ರ ಆ ಖರ್ಚು ನಾ ಹೆಂಗ ಬರೀಲಿ?”

ಪುರಾವೆ ಇಲ್ಲದಿದ್ದರೆ ಬರುವ ತೆರಿಗೆಯನ್ನು ಅವರು ಒಂದು ಹಾಳೆಯ ಮೇಲೆ ಗೀಚಿ ತೋರಿಸಿದರು. ಅಷ್ಟನ್ನು ತೆಗೆದಿಟ್ಟರೆ ಉಳಿದದ್ದರಲ್ಲಿ ಗಿರಣಿ ಬರುತ್ತಿರಲಿಲ್ಲ.

ಆಗ ಅತ್ತೆ ಮೆಲ್ಲಗೆ ಕೇಳಿದರು. “ಸಿಮೆಂಟಿನ ಚೀಟಿ ನಡೀತಾವೇನ್ರಿ, ಸಾಹೇಬರ?”

ಆಡಿಟರು ಪೆನ್ನು ಕೆಳಗಿಟ್ಟರು. “ಅದಾವೇನ್ರಿ?”

“ಟ್ರಂಕಿನ್ಯಾಗ ಅದಾವ್ರಿ. ನಮ್ಮ ಸೊಸಿ ರದ್ದಿಗೆ ಹಾಕು ಅಂತಿದ್ಲು.”

ಸಮಯ ಸಾಧಿಸಿ ಚುಚ್ಚುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರಿಲ್ಲ.

ಮರುದಿನ ಟ್ರಂಕನ್ನೇ ಬಸ್ಸಿಗೇರಿಸಿಕೊಂಡು ಹೋದೆವು. ಕಂಡಕ್ಟರ್ ಅದಕ್ಕೆ ಲಗೇಜು ಟಿಕೆಟ್ ಹರಿದ. ನಾನು ಅವನೊಡನೆ ವಾದ ಮಾಡುತ್ತಿದ್ದರೆ ಅತ್ತೆ ಆ ಟಿಕೆಟನ್ನೂ ಮಡಿಚಿ ಟ್ರಂಕಿಗೆ ಹಾಕಿಕೊಂಡರು. ಆಡಿಟರ ಮೇಜಿನ ಮೇಲೆ ಸಿಮೆಂಟಿನ, ಕಬ್ಬಿಣದ, ಬಾಗಿಲು ಚೌಕಟ್ಟಿನ ಬಿಲ್ಲು, ಗೋಡೆ ಕಟ್ಟಿದ ಗೌಂಡಿಗೆ ಕೊಟ್ಟ ರೊಕ್ಕದ ಪಾವತಿ, ಎಲ್ಲ ಹರಡಿಕೊಂಡಿತು. ಪ್ರತಿಯೊಂದರ ಮೂಲೆಯಲ್ಲೂ ಕೆಂಪು ಬೊಟ್ಟು, ಅಕ್ಷರಗಳು ಮಾತ್ರ ಸ್ವಚ್ಛ. ಆಡಿಟರು ವರ್ಷವಾರು ವಿಂಗಡಿಸುತ್ತ ಹೇಳಿದರು. “ಎಲ್ಲಾರೂ ಖರೀದಿ ಪತ್ರ ಒಂದ ಜ್ವಾಕಿ ಮಾಡ್ತಾರ್ರಿ. ಅದರ ನಕಲು ಸರ್ಕಾರ ಕೊಡತೈತಿ. ಇವುಗಳ ನಕಲು ಯಾರ್ ಕೊಡ್ತಾರ್ರಿ?”

ಆ ದಿನ ಅವರು ನನ್ನನ್ನು ಕೂರಿಸಿಕೊಂಡು ಆಸ್ತಿಗೊಂದು ಫೈಲು ಮಾಡುವುದು, ಝೆರಾಕ್ಸ್ ಬೇರೆ ಇಡುವುದು, ಬಿಲ್ಲಿಗೆ ಅಂಗಡಿಯವನ ಸಹಿ ಕೇಳಿ ಪಡೆಯುವುದು, ಎಲ್ಲ ಕಲಿಸಿದರು. ಹೊರಡುವಾಗ ಅತ್ತೆಗೆ ಕೈಮುಗಿದು, “ಅಮ್ಮಾರ, ಪೂಜಿ ಬಿಡಬ್ಯಾಡ್ರಿ. ಅಕ್ಷರ ಇಲ್ಲದ ಕಡೆ ಹಚ್ಚ್ರಿ,” ಎಂದರು. ಅವರ ಹೊಟ್ಟೆ ತಣ್ಣಗಿರಲಿ.

ತೆರಿಗೆ ಇಳಿಯಿತು, ಗಿರಣಿ ನಮ್ಮ ಕೈಗೆ ಬಂತು. ದೀಪಾವಳಿ ಪಾಡ್ಯಕ್ಕೆ ಪೂಜೆ ಇಟ್ಟುಕೊಂಡೆವು. ಅತ್ತೆ ಮೋಟಾರಿಗೆ, ಬೆಲ್ಟಿಗೆ, ಬೀಸುವ ಕಲ್ಲಿಗೆ ಕುಂಕುಮ ಹಚ್ಚಿದರು. ನಾನು ಗಿರಣಿಯ ಖರೀದಿ ಪತ್ರ ತಂದು ಮುಂದಿಟ್ಟೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಬ್ಯಾಡ ಬಿಡವ್ವಾ. ಮತ್ತ ಹೋಳಗಿ ಆದೀತು.”

ಆ ಮಾತು ಅವರಿಗೆ ಅಷ್ಟು ನಾಟಿತ್ತೆಂದು ನನಗೆ ಗೊತ್ತಿರಲಿಲ್ಲ. ಪತ್ರ ತಿರುವಿ, ಹಿಂದಿನ ಖಾಲಿ ಹಾಳೆಯನ್ನು ಅವರ ಮುಂದೆ ಹಿಡಿದೆ.

“ಇಲ್ಲಿ ಹಚ್ಚ್ರಿ, ಅತ್ತಿ. ಬೇಕಾದಷ್ಟು ಜಾಗಾ ಐತಿ.”

ಅವರು ನಿಧಾನಕ್ಕೆ ಒಂದು ಬೊಟ್ಟು ಇಟ್ಟರು. ಅದು ಒಣಗುವವರೆಗೆ ಊದಿದರು. ಆಮೇಲೆ ಪತ್ರವನ್ನು ಮಡಿಚಿ ನನ್ನ ಕೈಗೆ ಕೊಟ್ಟು ಹೇಳಿದರು.

“ಇಟ್ಟಿರು.”