ತಟ್ಟೆ ತೊಳೆದು ಕುಡಿದ ನೀರು

ಗಟ್... ಗಟ್... ಗಟ್... ಆಮೇಲೆ ಹಿತ್ತಾಳೆ ಚೊಂಬನ್ನು ನೆಲಕ್ಕಿಟ್ಟ ಠಣ್ ಶಬ್ದ. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಕಾಂಪೌಂಡ್ ಗೋಡೆ, ಅಡುಗೆಮನೆ ಕಿಟಕಿಗಳು ಎದುರುಬದುರು. ಪಕ್ಕದ ಮನೆ ಅಕ್ಕ ಊಟಕ್ಕೆ ಕೂತರೆ ನನಗೆ ಕೇಳಿಸುತ್ತಿತ್ತು. ಮೊನ್ನೆ ಆ ಮನೆಯ ಹೊಸ ಬಾಡಿಗೆಯವರು ಏನೋ ಪಾತ್ರೆ ಇಟ್ಟ ಸದ್ದಿಗೆ ನಾನು, ಇಷ್ಟು ವಯಸ್ಸಾದ ಮುದುಕಿ, ಕೈಲಿದ್ದ ಪೇಪರ್ ಬಿಟ್ಟು ಕಿಟಕಿಗೆ ಓಡಿದೆ. ಸಿಲ್ಲಿ, ಐ ನೋ...

ಅಕ್ಕನದು ಶಿವಭಕ್ತರ ಮನೆ. ಊಟ ಅಂದರೆ ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯಬೇಕು. ಕಾನ್ವೆಂಟಿನ ಸಿಸ್ಟರ್‌ಗಳಿಂದ ಟೇಬಲ್ ಮ್ಯಾನರ್ಸ್ ಕಲಿತ ನನಗೆ ಮೊದಲು ವಿಚಿತ್ರ ಅನ್ನಿಸಿತ್ತು, ಆಮೇಲೆ ಬ್ಯೂಟಿಫುಲ್ ಅನ್ನಿಸಿತು. ಅಕ್ಕ ಮಾತ್ರ ಒಂದು ಸಲಕ್ಕೆ ನಿಲ್ಲಿಸುತ್ತಿರಲಿಲ್ಲ. ತೊಳೆದು ಕುಡಿದು, ಮತ್ತೆ ತೊಳೆದು ಕುಡಿದು, ಚೊಂಬು ಖಾಲಿ ಆಗುವವರೆಗೆ.

"ನಮ್ಮ ಮನೆಯಾಕೆ ಭಕ್ತಿ ನೋಡ್ರಿ ಮೇಡಮ್ಮಾರೆ, ಪ್ರಸಾದದ ವಾಸ್ನೇನೂ ತಟ್ಟೇಲಿ ಬಿಡಂಗಿಲ್ಲ!" ಊರ ಪಕ್ಕದ ಕರೂರಿನಲ್ಲಿ ಮಿಲ್ ಇಟ್ಟಿದ್ದ ಅವರ ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಮನೆ ಮಂದಿಯೆಲ್ಲ ಕೈ ಮುಗಿಯುವುದೊಂದು ಬಾಕಿ.

ಒಂದು ದಿನ ಕಿಟಕಿಯಿಂದ ಅಕ್ಕ ಕರೆದರು. ನನಗೆ ಅವರಿಟ್ಟ ಹೆಸರು ಕಾನ್ವೆಂಟಮ್ಮ.

"ಕಾನ್ವೆಂಟಮ್ಮಾ, ಅದು ಭಕ್ತಿ ಅಲ್ರೀ. ಅನ್ನ ಇಲ್ಲಿ ನಿಂತು ಬಿಡ್ತೈತೆ." ಎದೆಯ ನಡುವೆ ಬೆರಳಿಟ್ಟರು. "ನೀರು ಹೊಯ್ದು ತಳ್ಳಬೇಕು."

ಆಗ ಸರಿಯಾಗಿ ನೋಡಿದೆ. ಬ್ಲೌಸು ಭುಜದಿಂದ ಜಾರುವಷ್ಟು ಸೊರಗಿದ್ದರು. ಆಗಲೇ ಎಂಡೋಸ್ಕೋಪಿ ಆಗಿತ್ತಂತೆ, ಹುಣ್ಣಿಲ್ಲ, ಗಡ್ಡೆಯಿಲ್ಲ. ಹಾಗಾದರೆ ಮನಸ್ಸಿನದು ಎಂದು ಮನೆಯವರು ತೀರ್ಮಾನಿಸಿದ್ದರು. ನನಗೆ ಭಯವಾದದ್ದು ಅಕ್ಕನೂ ಅದನ್ನೇ ನಂಬತೊಡಗಿದ್ದಕ್ಕೆ. "ನನಗೇ ಉಣ್ಣೋ ಮನಸ್ಸಿಲ್ಲೇನೋ..." ಅಂದುಬಿಟ್ಟರು. ರೊಟ್ಟಿ ಅಂದರೆ ಜೀವ ಬಿಡುತ್ತಿದ್ದ ಹೆಂಗಸು!

ಇನ್ನೊಬ್ಬ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ನುಂಗುವಾಗ ಅನ್ನನಾಳ ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆಯುವ ಟೆಸ್ಟ್ ಇದೆ, ಮಾಡಿಸೋಣ ಎಂದರು ಅವರು. ಟೆಸ್ಟಿನ ದಿನ ಅಕ್ಕ ಬರೀ ಹೊಟ್ಟೆಯಲ್ಲಿ, ಇಳಕಲ್ ಸೀರೆ ಉಟ್ಟು ಪಿಕ್‌ನಿಕ್ಕಿಗೆ ಹೊರಟ ಹಾಗೆ ಹೊರಟರು. ಯಜಮಾನರು ಕಾರಿನ ಹಿಂದಿನ ಸೀಟಿನಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದರು.

"ಅಮ್ಮಾ, ಮೂಗಿನಿಂದ ಸಣ್ಣ ಟ್ಯೂಬು ಇಳಿಸ್ತೀನಿ," ಟೆಸ್ಟ್ ಮಾಡುವ ಹುಡುಗಿ ಹೇಳಿದಳು. "ಬಾಯಿಗೆ ಸ್ವಲ್ಪ ನೀರು ಬಿಡ್ತೀನಿ, ನಾನು ಹೇಳಿದಾಗ ಒಂದೇ ಸಲ ನುಂಗ್ರಿ. ನಡುವೆ ಉಗುಳೂ ನುಂಗಬ್ಯಾಡ್ರಿ."

"ಮದುವೆ ಆದಾಗಿಂದ ಎಲ್ಲಾ ನುಂಗೇ ರೂಢಿ ಕಣವ್ವ, ನುಂಗಬ್ಯಾಡ ಅಂದೋಳು ನೀನೇ ಮೊದ್ಲು!"

ಯಜಮಾನರು ಕೆಮ್ಮಿದರು.

ನನಗೂ ಯಜಮಾನರಿಗೂ ಕಂಪ್ಯೂಟರ್ ಸ್ಕ್ರೀನಿನ ಮುಂದೆ ನಿಲ್ಲಲು ಬಿಟ್ಟರು. ಎಲ್ಲ ಸರಿಯಿದ್ದರೆ ಪ್ರತಿ ಗುಟುಕಿಗೂ ಬಣ್ಣದ ಪಟ್ಟಿಯೊಂದು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯಬೇಕಂತೆ. "ನುಂಗ್ರಿ" ಅಂದಳು. ಮೇಲೆ ಗಂಟಲ ಹತ್ತಿರ ಬಣ್ಣ ಮಿಂಚಿತು. ಕೆಳಗೆ... ಬರೀ ನೀಲಿ, ಪಟ್ಟಿಯೇ ಇಲ್ಲ. ತಳದಲ್ಲಿ ಮಾತ್ರ ಒಂದು ಕೆಂಪು ಗೆರೆ, ಚಿಲಕ ಹಾಕಿದಂತೆ. ಮತ್ತೆ ನೀರು, ಮತ್ತೆ ನೀಲಿ. ಚಿಲಕ ಅಲುಗಲಿಲ್ಲ. ದೇವರಾಣೆ, ಮನಸ್ಸಿನದಲ್ಲದ ಆ ಕಾಯಿಲೆ ಕಂಡು ನಾನು ಚಪ್ಪಾಳೆ ತಟ್ಟುವುದೊಂದು ಉಳಿದಿತ್ತು!

"ಇವರ ಅನ್ನನಾಳ ತಳ್ತಾನೇ ಇಲ್ಲ, ಕೆಳಗಿನ ಬಾಗಿಲೂ ತೆರೀತಿಲ್ಲ," ಡಾಕ್ಟರು ಯಜಮಾನರಿಗೆ ತೋರಿಸಿದರು. "ಇಷ್ಟು ದಿನ ನೀರಿನ ಭಾರಕ್ಕೆ ಅನ್ನ ಇಳಿದೈತೆ."

ಟ್ಯೂಬು ತೆಗೆದಾಗ ಅಕ್ಕನ ಮೂಗು ಕೆಂಪು, ಕಣ್ಣಲ್ಲಿ ನೀರು. ಕೇಳಿದ್ದು ಒಂದೇ ಮಾತು: "ಕಾಣ್ತೈತಾ? ಎಲ್ಲಾರಿಗೂ ಕಾಣ್ತೈತಾ?"

"ಕಾಣ್ತೈತೆ," ಅಂದರು ಯಜಮಾನರು. ಆಮೇಲೆ ಮಂಚದ ಹತ್ತಿರ ಹೋಗಿ, ನಮ್ಮೆಲ್ಲರ ಮುಂದೆಯೇ, ಹೆಂಡತಿಯ ಜಾರಿದ್ದ ಸೆರಗು ಸರಿ ಮಾಡಿದರು.

ಮುಂದೆ ಬಾಯಿಂದ ಬಲೂನು ಇಳಿಸಿ ಆ ಬಾಗಿಲನ್ನು ಅಗಲ ಮಾಡಿದರು. ಅಕ್ಕನ ಕೆನ್ನೆ ತುಂಬಿತು. ಕೆಲವು ವರ್ಷ ಚೆನ್ನಾಗಿ ಉಂಡು ಓಡಾಡಿದರು... ಕೊನೆಗೆ ಹಾರ್ಟು ಕೈಕೊಟ್ಟಿತು. ಐ ಸ್ಟಿಲ್ ಮಿಸ್ ಹರ್. ಬಾಡಿಗೆಯವರ ಅಡುಗೆಮನೆಯಲ್ಲಿ ಈಗ ಮಿಕ್ಸಿ ತಿರುಗುತ್ತಿದೆ, ನಾನು ಕಿಟಕಿ ಹಾಕಿಕೊಂಡಿದ್ದೇನೆ.

ಅಕ್ಕನನ್ನು ಕೊನೆಯ ಸಲ ಕಂಡದ್ದು ಹರಿಹರದಲ್ಲಿ, ಅವರ ಮಗಳ ಮನೆಯಲ್ಲಿ. ಕಟಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಒಣ ರೊಟ್ಟಿ ಮುರಿಯುವ ಸದ್ದಷ್ಟೇ, ಗಟಗಟ ಇಲ್ಲ. ಉಂಡಾದ ಮೇಲೆ ತಟ್ಟೆಗೆ ಚೂರು ನೀರು ಹಾಕಿ, ಬೆರಳಾಡಿಸಿ, ಕಣ್ಣು ಮುಚ್ಚಿ ಕುಡಿದರು. ಒಂದೇ ಗುಟುಕು.

"ಇದು ನೋಡ್ರಿ ಕಾನ್ವೆಂಟಮ್ಮಾ, ಭಕ್ತಿ ಅಂದ್ರೆ," ಅಂದರು.

ಪಕ್ಕದಲ್ಲಿ ಚೊಂಬು ತುಂಬಿದ್ದು ತುಂಬಿದ ಹಾಗೇ ಇತ್ತು.